ಚಾಕ್ ಗೆರೆ ಎರಡಾದಾಗ

ಚಿತ್ರದುರ್ಗದಲ್ಲಿ ನನ್ನದು ಟೈಲರಿಂಗ್ ಅಂಗಡಿ. ಹೊಳಲ್ಕೆರೆ ರಸ್ತೆಯಲ್ಲಿ ಬೈಕು ಜಾರಿ ತಲೆಗೆ ಪೆಟ್ಟಾಯಿತು. ಸಿಟಿ ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದರು, ಮೂರನೇ ದಿನ ಮನೆಗೆ ಬಂದೆ. ವಾರ ಬಿಟ್ಟು ಕತ್ತರಿ ಹಿಡಿದಾಗಲೇ ಗೊತ್ತಾಗಿದ್ದು. ಬಟ್ಟೆಯ ಮೇಲೆ ಅಡ್ಡಕ್ಕೆ ಎಳೆದ ಚಾಕ್ ಗೆರೆ ಒಂದರ ಕೆಳಗೊಂದು ಎರಡಾಗಿ ಕಾಣುತ್ತಿತ್ತು. ಕೆಳಗಿನದು ಓರೆ, ಬಲತುದಿಯಲ್ಲಿ ಮೇಲೇರಿ, ಬಾಣದ ಮೊನೆಯ ಹಾಗೆ ಇನ್ನೊಂದನ್ನು ಸೇರುವಂತಿತ್ತು. ಯಾವ ಕಣ್ಣು ಮುಚ್ಚಿದರೂ ಗೆರೆ ಒಂದೇ.

ಮೊದಲು ತೋರಿಸಿದ ಕಡೆ ನಿಶ್ಶಕ್ತಿ ಅಂತ ಟಾನಿಕ್ ಬರೆದರು. ಒಂದು ತಿಂಗಳು ಅದರಲ್ಲೇ ಕಳೆಯಿತು, ಆ ಸಂಕಟ ಇನ್ನೂ ಇದೆ. ದಾವಣಗೆರೆಯ ಕಣ್ಣಿನ ಡಾಕ್ಟರು ಮೊದಲು ನೋಡಿದ್ದು ನನ್ನ ಕತ್ತನ್ನು. ತಲೆ ಎಡಭುಜಕ್ಕೆ ವಾಲಿತ್ತು, ನನಗೇ ಅರಿವಿರಲಿಲ್ಲ. ಬಲಕ್ಕೆ ವಾಲಿಸಿ ಹಿಡಿದರು. ಎರಡು ಬಿಂಬಗಳು ಇನ್ನೂ ದೂರ ಸರಿದವು. ಬಲಗಣ್ಣಿನ ನಾಲ್ಕನೇ ನರ, ಅಂದರೆ ಮಿದುಳಿನಿಂದ ಹೊರಡುವ ನರಜೋಡಿಗಳಲ್ಲಿ ನಾಲ್ಕನೆಯದು, ಸೋತಿದೆ ಅಂದರು. ಅದು ನಡೆಸುವುದು ಒಂದೇ ಸ್ನಾಯುವನ್ನು, ಮೂಗಿನ ಕಡೆ ತಿರುಗಿದ ಕಣ್ಣನ್ನು ಕೆಳಕ್ಕಿಳಿಸುವ ಸ್ನಾಯುವನ್ನು. ಮಿದುಳುಕಾಂಡದ ಹಿಂಬದಿಯಿಂದ ಹೊರಡುವ ನರ ಅದೊಂದೇ. ಎಳೆ ತೀರ ಸಣ್ಣದು, ಬುರುಡೆಯೊಳಗೆ ಬಳಸಿ ಬರುವ ದಾರಿ ಉದ್ದ. ಮೂಳೆ ಬಿರಿಯದಿದ್ದರೂ ಪೆಟ್ಟಿಗೆ ಅದು ಜಗ್ಗಿಹೋಗಬಹುದು.

ಆರು ತಿಂಗಳು ಕಾಯೋಣ, ನರ ತಾನಾಗಿ ಚೇತರಿಸಿಕೊಂಡರೂ ಕೊಂಡೀತು, ಇಲ್ಲದಿದ್ದರೆ ಆಪರೇಷನ್ ಅಂದರು. ಅಲ್ಲಿಯವರೆಗೆ ಹೊಟ್ಟೆಪಾಡು? ಕನ್ನಡಕದ ಬಲಗಾಜಿಗೆ ಮಬ್ಬು ಟೇಪು ಅಂಟಿಸಿದೆ. ಎರಡು ಕಾಣುವುದು ನಿಂತಿತು, ಜೊತೆಗೆ ದೂರದ ಅಂದಾಜೂ ಹೋಯಿತು. ದಾರ ಸೂಜಿಯ ಮುಂದೆಯೋ ಹಿಂದೆಯೋ ತಿಳಿಯದು. ಎಡಗೈ ಬೆರಳನ್ನು ಸೂಜಿಯ ಹಿಂದೆ ಒತ್ತಿಟ್ಟು, ದಾರದ ತುದಿ ಬೆರಳಿಗೆ ತಾಗುವವರೆಗೆ ತಡವುತ್ತಾ ಪೋಣಿಸುವುದನ್ನು ಕಲಿತೆ. ಕಟಿಂಗ್ ಟೇಬಲ್ಲಿನ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು ಎತ್ತರಿಸಿದೆ; ಕಣ್ಣು ಕೆಳಗಿಳಿದಷ್ಟೂ ಗೆರೆ ಸೀಳುತ್ತಿತ್ತಲ್ಲ. ಮೂರನೇ ತಿಂಗಳು ಗಾಜಿಗೆ ಅಂಟಿಸುವ ಪ್ರಿಸಂ ಹಾಳೆ ಕೊಟ್ಟರು, ಬೆಳಕನ್ನು ಬಾಗಿಸಿ ಎರಡು ಬಿಂಬವನ್ನು ಒಂದುಗೂಡಿಸುವಂಥದ್ದು. ಅದು ನೇರನೋಟಕ್ಕೆ ಮಾತ್ರ. ಕೋಟೆಯಿಂದ ಇಳಿಯುವಾಗ ಒಂದೊಂದು ಮೆಟ್ಟಿಲೂ ಎರಡಾಗಿ, ಯಾವುದಕ್ಕೆ ಕಾಲಿಡಲಿ ಅಂತ ನಿಂತುಬಿಟ್ಟಿದ್ದೆ. ಆಮೇಲೆ ಬರೀ ಕಣ್ಣಿಳಿಸದೆ ಗಲ್ಲವನ್ನೇ ಎದೆಗಿಳಿಸಿ ಇಳಿಯತೊಡಗಿದೆ.

ತಲೆಗೆ ಪೆಟ್ಟು ಬಿದ್ದವರಿಗೆ ಎರಡು ಕಂಡರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ, ಕಂಡದ್ದನ್ನು ಡಾಕ್ಟರಿಗೆ ಹೇಳಿ. ರೆಪ್ಪೆ ಜೋತುಬಿದ್ದು ಆ ಕಣ್ಣಿನ ಪಾಪೆ ದೊಡ್ಡದಾಗಿದ್ದರಂತೂ ಬೆಳಗಾಗುವವರೆಗೆ ಕಾಯಬೇಡಿ, ಅದು ರೆಪ್ಪೆ, ಪಾಪೆಗಳನ್ನು ನಡೆಸುವ ಮೂರನೇ ನರದ ತೊಂದರೆ. ತಲೆಯೊಳಗೆ ಒತ್ತಡ ಏರುತ್ತಿರಬಹುದು.

ಈಗ ಎಂಟು ತಿಂಗಳು. ನೇರಕ್ಕೆ ಗೆರೆ ಒಂದೇ, ಆಪರೇಷನ್ ಬೇಡ ಅಂದಿದ್ದಾರೆ. ಎಡಕ್ಕೆ ಕೆಳಗೆ ನೋಡಿದರೆ ಇನ್ನೂ ಸೀಳುತ್ತದೆ. ಮೆಷಿನ್ನಿನ ಬಾಬಿನ್ ಇರುವುದು ಅಲ್ಲೇ. ಅದನ್ನು ಕೈಯಲ್ಲೇ ತಡವಿ ಕೂರಿಸುತ್ತೇನೆ.