ಕೊಬ್ಬಿದ ಲಿವರ್ ಕೋಶಗಳಿಗೆ ಬೆಳಗುವ ಡೈ: ನನ್ನ ಅನುಭವ

ಫ್ಯಾಟಿ ಲಿವರ್ ಕೆಲಸಕ್ಕೆ ಹೊಸದಾಗಿ ಬಂದವರಿಗೆ, ಕೋಶ ಮುಟ್ಟುವ ಮೊದಲು ನಾನು ಮೂರು ಟ್ಯೂಬುಗಳ ಪರೀಕ್ಷೆ ಮಾಡಿಸುತ್ತೇನೆ. ಒಂದರಲ್ಲಿ ಬರೀ ಪಿಬಿಎಸ್, ಅಂದರೆ ಫಾಸ್ಫೇಟ್ ಬೆರೆತ ಉಪ್ಪು ನೀರು, ಇನ್ನೊಂದರಲ್ಲಿ ಶೇ 1ರಷ್ಟು ಬಿಎಸ್‌ಎ, ಅಂದರೆ ದನದ ರಕ್ತದ ಆಲ್ಬುಮಿನ್, ಬೆರೆತ ಪಿಬಿಎಸ್, ಮೂರನೆಯದರಲ್ಲಿ ಅಡುಗೆ ಎಣ್ಣೆ. ಮೂರಕ್ಕೂ 1 ಮೈಕ್ರೋಮೋಲಾರ್ ನೈಲ್ ರೆಡ್ ಎಂಬ ಡೈ ಹಾಕಿ, ಜೆಲ್ ನೋಡುವ ನೀಲಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಕಿತ್ತಳೆ ತೆರೆಯ ಮೂಲಕ ನೋಡಬೇಕು. ಪಿಬಿಎಸ್ ಟ್ಯೂಬು ಹೆಚ್ಚುಕಡಿಮೆ ಕತ್ತಲು. ಎಣ್ಣೆ ಹೊಂಬಣ್ಣಕ್ಕೆ ತಿರುಗುತ್ತದೆ. ಆಲ್ಬುಮಿನ್ ಟ್ಯೂಬಿನಲ್ಲಿ ಒಂದು ಹನಿ ಕೊಬ್ಬೂ ಇಲ್ಲ, ಆದರೂ ಅದು ಕೆಂಪಗೆ ಹೊಳೆಯುತ್ತದೆ.

ಈ ಕೆಂಪು ಹೊಳಪನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ತಪ್ಪುಗಳು ತಪ್ಪುತ್ತವೆ. 1985ರಲ್ಲಿ ಗ್ರೀನ್‌ಸ್ಪ್ಯಾನ್, ಮೇಯರ್ ಮತ್ತು ಫೌಲರ್ ಕೋಶದೊಳಗಿನ ಕೊಬ್ಬಿನ ಹನಿ ತೋರಿಸಲು ಬಳಸಿದ್ದು ಇದೇ ನೈಲ್ ರೆಡ್. ಅದಕ್ಕೆ ಬೇಕಿರುವುದು ನೀರಿಲ್ಲದ ಜಾಗ, ಅಷ್ಟೇ. ಟ್ರೈಗ್ಲಿಸರೈಡ್ ಹನಿಯಲ್ಲೂ ಅಂಥ ಜಾಗವಿದೆ, ಆಲ್ಬುಮಿನ್ ಪ್ರೋಟೀನಿನ ಮಡಿಕೆಯಲ್ಲೂ ಇದೆ. ಎಎನ್‌ಎಸ್ ಎಂಬ ಡೈಯಿಂದ ಆಲ್ಬುಮಿನ್ ಪತ್ತೆಹಚ್ಚುವುದೂ ಇದೇ ಗುಣದಿಂದ: ನೀರಿನಲ್ಲಿ ಅದು 515 ನ್ಯಾನೊಮೀಟರ್ ಆಸುಪಾಸಿನಲ್ಲಿ ಮಂಕು, ಆಲ್ಬುಮಿನ್‌ಗೆ ಅಂಟಿದ ಕೂಡಲೇ 470ರ ಕಡೆ ಸರಿದು ಹಲವು ಪಟ್ಟು ಪ್ರಖರ. ಆದರೆ ದನದ ಆಲ್ಬುಮಿನ್ ಯಾವುದು, ಮನುಷ್ಯರದು ಯಾವುದು ಎಂದು ಎಎನ್‌ಎಸ್‌ಗೆ ತಿಳಿಯದು. ಸೀರಂ ಹಾಕಿದ ಮೀಡಿಯಂನಲ್ಲಿ, ಅಂದರೆ ಕೋಶ ಬೆಳೆಸುವ ದ್ರವದಲ್ಲಿ, ಕೋಶಗಳು ಸ್ರವಿಸಿದ ಆಲ್ಬುಮಿನ್ ಅಳೆಯಬೇಕಾದರೆ ಮಾನವ ಆಲ್ಬುಮಿನ್ ಅನ್ನು ಆಂಟಿಬಾಡಿಯಿಂದ ಗುರುತಿಸುವ ಎಲೈಸಾ ಕಿಟ್ಟೇ ಸರಿ.

ಕೋಶಗಳಿಗೆ ನಾನು ಹಸಿರಾಗಿ ಬೆಳಗುವ ಬಾಡಿಪಿ 493/503 ಎಂಬ ಕೊಬ್ಬಿನ ಡೈ ಬಳಸುತ್ತೇನೆ. ಹಿನ್ನೆಲೆಯ ಮಸುಕು ಕಡಿಮೆ, ಹನಿಗಳ ಅಂಚು ಚೊಕ್ಕ. ಮೊದಲು ಮನುಷ್ಯರ ಲಿವರ್ ಗಡ್ಡೆಯಿಂದ ಬಂದ ಹೆಪ್ ಜಿ2 ಕೋಶಗಳಿಗೆ ಕೊಬ್ಬು ಉಣಿಸಬೇಕು. 8 ಎಂಎಲ್ 150 ಮಿಲಿಮೋಲಾರ್ ಉಪ್ಪು ನೀರಿನಲ್ಲಿ 1 ಗ್ರಾಂ ಬಿಎಸ್‌ಎ ಕರಗಿಸಿ 50 ಡಿಗ್ರಿಯಲ್ಲಿಡಿ. ಈ ಬಿಎಸ್‌ಎ ಕೊಬ್ಬಿನಾಮ್ಲ ತೆಗೆದದ್ದೇ ಆಗಬೇಕು. ಸೋಡಿಯಂ ಓಲಿಯೇಟ್ 20.3 ಮಿಗ್ರಾಂ, ಸೋಡಿಯಂ ಪಾಮಿಟೇಟ್ 9.3 ಮಿಗ್ರಾಂ ತೂಗಿ, ತಲಾ 1 ಎಂಎಲ್ ನೀರಿನಲ್ಲಿ 70 ಡಿಗ್ರಿಗೆ ಕಾಯಿಸಿ ತಿಳಿಯಾಗುವವರೆಗೆ ಅಲ್ಲಾಡಿಸಿ. ಬಿಸಿ ಆರುವ ಮೊದಲೇ ಬಿಎಸ್‌ಎಗೆ ತೊಟ್ಟು ತೊಟ್ಟಾಗಿ ಬಿಡಿ. ಒಟ್ಟು 10 ಮಿಲಿಮೋಲಾರ್ ದ್ರಾವಣ ಸಿಗುತ್ತದೆ, ಓಲಿಯೇಟ್ ಎರಡು ಪಾಲು, ಪಾಮಿಟೇಟ್ ಒಂದು ಪಾಲು.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಪಾಮಿಟೇಟ್. ಪಿಪೆಟ್ ತಣ್ಣಗಿದ್ದರೆ ತುದಿಯಲ್ಲೇ ಬಿಳಿಯಾಗಿ ಹೆಪ್ಪುಗಟ್ಟುತ್ತದೆ, ಹಾಗಾಗಿ ತುದಿಗಳನ್ನೂ ಬೆಚ್ಚಗಿಡಿ. ಉಪ್ಪು ನೀರಿನ ಬದಲು ಮೀಡಿಯಂನಲ್ಲಿ ಬೆರೆಸಿದರೆ ಕ್ಯಾಲ್ಸಿಯಂ ಜೊತೆ ಸೇರಿ ಸೋಪಿನ ಗಸಿ ಕೂರುತ್ತದೆ. ಕದಡಿದ ದ್ರಾವಣವನ್ನು ಸೋಸಿ ಬಳಸಲು ಹೋಗಬೇಡಿ. ಎಷ್ಟು ಉಳಿಯಿತೆಂಬ ಲೆಕ್ಕ ಸಿಗುವುದಿಲ್ಲ. ಚೆಲ್ಲಿ, ಹೊಸದು ಮಾಡಿ.

ಕಪ್ಪು ಗೋಡೆ, ಪಾರದರ್ಶಕ ತಳದ 96 ಗುಳಿಯ ಪ್ಲೇಟಿನಲ್ಲಿ ಗುಳಿಗೆ 20,000 ಕೋಶ. ಹೆಪ್ ಜಿ2 ಗುಂಪುಗಟ್ಟುವ ಜಾತಿ, ಬಿತ್ತುವ ಮುನ್ನ 21 ಗೇಜ್ ಸೂಜಿಯಲ್ಲಿ ನಾಲ್ಕೈದು ಸಲ ಎಳೆದುಬಿಟ್ಟರೆ ಬಿಡಿಯಾಗುತ್ತದೆ. ಮರುದಿನ ಕೊಬ್ಬಿನ ದ್ರಾವಣವನ್ನು ಮೀಡಿಯಂನಲ್ಲಿ 20 ಪಟ್ಟು ತೆಳುಮಾಡಿ ಹಾಕಿ, 24 ಗಂಟೆ ಬಿಡಿ. ಇದರಲ್ಲಿ ಕೊಬ್ಬಿನಾಮ್ಲ 0.5 ಮಿಲಿಮೋಲಾರ್, ಬಿಎಸ್‌ಎ ಶೇ 0.5. ಹೋಲಿಕೆಯ ಗುಳಿಗಳಿಗೆ ಅಷ್ಟೇ ಬಿಎಸ್‌ಎ, ಕೊಬ್ಬಿಲ್ಲದೆ. ಬರೀ ಮೀಡಿಯಂ ಹಾಕಿದ ಗುಳಿ ಇಲ್ಲಿ ಹೋಲಿಕೆಗೆ ಬರುವುದಿಲ್ಲ. ಇನ್ನೊಂದು ಸಾಲಿಗೆ ಕೊಬ್ಬಿನ ಜೊತೆ 5 ಮೈಕ್ರೋಮೋಲಾರ್ ಟ್ರಯಾಕ್ಸಿನ್ ಸಿ. ಕೊಬ್ಬಿನಾಮ್ಲವನ್ನು ಟ್ರೈಗ್ಲಿಸರೈಡ್ ಮಾಡುವ ಮೊದಲ ಹೆಜ್ಜೆಯನ್ನೇ ಅದು ತಡೆಯುತ್ತದೆ. ಆ ಸಾಲಿನಲ್ಲೂ ಹಸಿರು ಹಾಗೆಯೇ ಉಳಿದರೆ ನೀವು ನೋಡುತ್ತಿರುವುದು ಹನಿಗಳ ಬೆಳಕಲ್ಲ. ಪ್ಲೇಟಿನಲ್ಲಿ ಎಷ್ಟೇ ಇಕ್ಕಟ್ಟಾದರೂ ಈ ಸಾಲನ್ನು ನಾನು ಬಿಡುವುದಿಲ್ಲ.

ಬೆಚ್ಚಗಿನ ಪಿಬಿಎಸ್‌ನಲ್ಲಿ ಮೂರು ಸಲ ತೊಳೆಯಿರಿ, ಗುಳಿಯ ಗೋಡೆಗೆ ಬಿಡಿ, ಕೋಶಗಳ ನೆತ್ತಿಗೆ ಬೇಡ. ಬಾಡಿಪಿಯ ಮೂಲ ದ್ರಾವಣ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 2 ಮಿಲಿಮೋಲಾರ್, ಅಂದರೆ ಎಂಎಲ್‌ಗೆ 0.52 ಮಿಗ್ರಾಂ. ಅದನ್ನು ಸಾವಿರ ಪಟ್ಟು ತೆಳುಮಾಡಿ, ಕೋಶಕೇಂದ್ರಕ್ಕೆ ನೀಲಿ ಹಿಡಿಸುವ ಹೆಕ್ಸ್ಟ್ 33342 ಡೈ ಎಂಎಲ್‌ಗೆ 1 ಮೈಕ್ರೋಗ್ರಾಂ ಸೇರಿಸಿ, 37 ಡಿಗ್ರಿಯಲ್ಲಿ ಕತ್ತಲಲ್ಲಿ 15 ನಿಮಿಷ. ಫಿಕ್ಸ್ ಮಾಡುವುದಿದ್ದರೆ ಶೇ 4ರ ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ ಸಾಕು. ಮೆಥನಾಲ್, ಅಸಿಟೋನ್ ತಾಗಿದರೆ ಹನಿಗಳು ಕರಗಿಯೋ ಒಂದಕ್ಕೊಂದು ಕೂಡಿಯೋ ಹೋಗುತ್ತವೆ. ಜೊತೆಗೆ ಆಂಟಿಬಾಡಿಯೂ ಹಾಕಬೇಕೆಂದರೆ ಕೋಶದ ಪೊರೆಗೆ ತೂತು ಮಾಡಲು ಟ್ರೈಟಾನ್ ಬಿಟ್ಟು ಶೇ 0.1ರ ಸಪೋನಿನ್ ಹಿಡಿಯಿರಿ.

ಪ್ಲೇಟ್ ರೀಡರ್‌ನಲ್ಲಿ 485 ನ್ಯಾನೊಮೀಟರ್‌ಗೆ ಬೆಳಗಿಸಿ 528ರಲ್ಲಿ ಓದುತ್ತೇನೆ. ಬಾಡಿಪಿ ಹೀರುವ ಮತ್ತು ಸೂಸುವ ತರಂಗಾಂತರಗಳ ನಡುವೆ ಹತ್ತೇ ನ್ಯಾನೊಮೀಟರ್ ಇರುವುದರಿಂದ ಎರಡು ಫಿಲ್ಟರುಗಳ ಪಟ್ಟಿ ಒಂದರ ಮೇಲೊಂದು ಬಿದ್ದರೆ ಸಂಖ್ಯೆಗೆ ಅರ್ಥವೇ ಇಲ್ಲ. ಬಂದ ಸಂಖ್ಯೆಯನ್ನು ಹೆಕ್ಸ್ಟ್ ಸಂಖ್ಯೆಯಿಂದ ಭಾಗಿಸಿ. ಪಾಮಿಟೇಟ್ ಕೋಶಗಳನ್ನು ಕೊಲ್ಲುತ್ತದೆ, ಕೋಶ ಕಡಿಮೆಯಾದದ್ದು ಕೊಬ್ಬು ಕಡಿಮೆಯಾದಂತೆ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ಅತಿ ಪ್ರಖರ ಗುಳಿಗೆ ಎಕ್ಸ್‌ಪೋಷರ್ ಕಟ್ಟಿ, ಎಲ್ಲಕ್ಕೂ ಅದನ್ನೇ ಇಡಿ. ಕೆಂಪು ಚಾನೆಲ್‌ನಲ್ಲಿ ಬೇರೊಂದು ಡೈ ಇದ್ದರೆ ಅದರ ಚಿತ್ರ ಮೊದಲು: ತೀವ್ರ ಬೆಳಕು ಬಿದ್ದ ಬಾಡಿಪಿ ಕೆಂಪಿನಲ್ಲೂ ಹೊಳೆಯತೊಡಗುತ್ತದೆ, ಹನಿಯ ಮೇಲೆ ಇಲ್ಲದ ಪ್ರೋಟೀನ್ ಇದ್ದಂತೆ ಕಾಣಿಸುತ್ತದೆ.

ಲಿವರ್ ತುಂಡನ್ನು ಪ್ಯಾರಾಫಿನ್ ಮೇಣದಲ್ಲಿ ಕೂರಿಸುವುದು ಬೇಡವೇ ಬೇಡ, ಅದಕ್ಕೆ ಬಳಸುವ ಆಲ್ಕೋಹಾಲ್ ಮತ್ತು ಜೈಲೀನ್ ಕೊಬ್ಬನ್ನೆಲ್ಲ ತೊಳೆದು ಖಾಲಿ ತೂತು ಉಳಿಸುತ್ತವೆ. ಶೇ 30ರ ಸಕ್ಕರೆ ದ್ರಾವಣದಲ್ಲಿ ಒಂದು ದಿನ, ಓಸಿಟಿ ಎಂಬ ಅಂಟಿನಲ್ಲಿ ಹೆಪ್ಪುಗಟ್ಟಿಸಿ 10 ಮೈಕ್ರಾನ್ ಸೀಳು. ತುಂಡು ಮುಳುಗಲಿ ಎಂದು ಕಾಯಬೇಡಿ, ತೀರಾ ಕೊಬ್ಬಿದ್ದು ತೇಲಿಯೇ ಇರಬಹುದು. ಡೈ ಹಾಕದ ಒಂದು ಸೀಳನ್ನು ಎಲ್ಲ ಚಾನೆಲ್‌ಗಳಲ್ಲೂ ತೆಗೆದಿಡಿ. ಯುವಿಯಲ್ಲಿ ನೀಲಿಹಸಿರಾಗಿ ಮಿಂಚಿ ನೋಡುತ್ತಿದ್ದಂತೆ ಆರಿಹೋಗುವುದು ಸ್ಟೆಲೇಟ್ ಎಂಬ ಲಿವರ್ ಕೋಶಗಳು ಕೂಡಿಟ್ಟ ವಿಟಮಿನ್ ಎ. ಆರದೆ, ಹಸಿರು ಕೆಂಪು ಎರಡರಲ್ಲೂ ಚುಕ್ಕೆಚುಕ್ಕೆಯಾಗಿ ಉಳಿಯುವುದು ಲಿಪೋಫಸ್ಸಿನ್, ಅಂದರೆ ವಯಸ್ಸಾದ ಕೋಶಗಳಲ್ಲಿ ಕೂಡುವ ಬಣ್ಣದ ಕಸ. ಅದನ್ನು ಅಡಗಿಸಲು ಬೇರೆ ಅಂಗಾಂಶಗಳಿಗೆ ಹಾಕುವ ಸುಡಾನ್ ಬ್ಲ್ಯಾಕ್ ಇಲ್ಲಿ ನಡೆಯದು, ಅದೇ ಕೊಬ್ಬಿನ ಬಣ್ಣ. ಡೈಯಿಲ್ಲದ ಸೀಳಿನ ಬೆಳಕನ್ನು ಕಳೆದು ಲೆಕ್ಕ ಹಾಕಿ, ಚಿತ್ರಗಳನ್ನು ಅಂದೇ ತೆಗೆದು ಮುಗಿಸಿ. ಮರುದಿನಕ್ಕೆ ಡೈ ಹನಿಯಿಂದ ಸುತ್ತಲಿನ ಪೊರೆಗಳಿಗೆ ಹರಡಿ ಇಡೀ ಸೀಳು ಮಂಜು ಮಂಜಾಗಿರುತ್ತದೆ.