ಕಾರ್ಖಾನೆಯ ರಾಸಾಯನಿಕ ಮೈಗೆ ಸೇರುವ ದಾರಿ: ಹುಡುಕುವುದು ಹೇಗೆ, ಮುಚ್ಚುವುದು ಹೇಗೆ?

ಕಾರ್ಖಾನೆಯ ಆಸುಪಾಸು ವಾಸ ಮಾಡುವವರ ಕಿವಿಗೆ ಎರಡು ಥರದ ಮಾತು ಬೀಳುತ್ತಲೇ ಇರುತ್ತದೆ. ಇಲ್ಲಿ ಎಲ್ಲವೂ ವಿಷ, ಬದುಕುವುದೇ ಕಷ್ಟ ಅಂತ ಒಬ್ಬರು ಹೇಳುತ್ತಾರೆ. ಎಲ್ಲ ಮಿತಿಯೊಳಗೇ ಇದೆ, ಸುಮ್ನೆ ಗಾಬರಿ ಬೇಡ ಅಂತ ಇನ್ನೊಬ್ಬರು. ಎರಡನ್ನೂ ಸ್ವಲ್ಪ ಹೊತ್ತು ಬದಿಗಿಡಿ. ಯಾವ ರಾಸಾಯನಿಕ, ಯಾವ ದಾರಿಯಲ್ಲಿ, ಯಾರ ಮೈಗೆ, ಎಷ್ಟು ಸೇರುತ್ತಿದೆ? ಇಷ್ಟು ಗೊತ್ತಾಗುವ ತನಕ ಆ ಭಯವೂ ಊಹೆ, ಆ ಧೈರ್ಯವೂ ಊಹೆ.

ಊಹೆಗೆ ಬಿಡುವಂಥ ವಿಷಯವೂ ಇದಲ್ಲ. 2019ರಲ್ಲಿ ಆಯ್ದ ಕೆಲವು ರಾಸಾಯನಿಕಗಳಿಂದಲೇ ಸುಮಾರು 20 ಲಕ್ಷ ಜನ ಜೀವ ಕಳೆದುಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ದೊಡ್ಡ ಪಾಲು ಸೀಸದ್ದು.

ಅಪಾಯವನ್ನು ಅಳೆಯುವುದಕ್ಕೆ ಒಂದು ಕ್ರಮ ಇದೆ. ರಾಸಾಯನಿಕದ ಗುಣ ತಿಳಿಯುವುದು, ಎಷ್ಟು ಪ್ರಮಾಣಕ್ಕೆ ಎಷ್ಟು ತೊಂದರೆ ಎಂದು ನೋಡುವುದು, ಜನರ ಮೈಗೆ ಎಷ್ಟು ಸೇರುತ್ತಿದೆ ಎಂದು ಲೆಕ್ಕ ಹಾಕುವುದು, ಮೂರನ್ನೂ ಸೇರಿಸಿ ತೀರ್ಮಾನಕ್ಕೆ ಬರುವುದು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1983ರಲ್ಲಿ ಇದನ್ನು ಬರೆದಿಟ್ಟಿತು. ಇವತ್ತಿಗೂ ಎಷ್ಟೋ ದೇಶಗಳ ತಜ್ಞರು ಹೆಚ್ಚುಕಮ್ಮಿ ಇದೇ ಕ್ರಮದಲ್ಲಿ ಕೆಲಸ ಮಾಡುತ್ತಾರೆ. ತಜ್ಞರಲ್ಲದವರೂ ಇದರ ಬಹುಪಾಲನ್ನು ಮಾಡಬಹುದು.

ಹಂತ 1: ಹೆಸರಿನ ಜೊತೆ ನಂಬರ್ ಕೇಳಿ

'ಕೆಮಿಕಲ್ ಬಿಡ್ತಾರೆ' ಎಂಬ ದೂರಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. 'ಟಾಲ್ವೀನ್ ಬಿಡ್ತಾರೆ' (ಪೇಂಟ್ ತೆಳುವಾಗಿಸಲು ಬಳಸುವ ದ್ರವ ಅದು) ಅಂದರೆ ಕೊಡಲೇಬೇಕು. ಒಂದೇ ವಸ್ತುವಿಗೆ ಹತ್ತು ವ್ಯಾಪಾರಿ ಹೆಸರು ಇರುತ್ತವೆ. ಆದರೆ ಅದರ ಸಿಎಎಸ್ ನಂಬರ್, ಅಂದರೆ ಪ್ರತಿ ರಾಸಾಯನಿಕಕ್ಕೂ ಜಗತ್ತಿನಾದ್ಯಂತ ಇರುವ ಗುರುತಿನ ಸಂಖ್ಯೆ, ಒಂದೇ. ಬೆಂಜೀನ್‌ಗೆ 71-43-2, ಫಾರ್ಮಾಲ್ಡಿಹೈಡ್‌ಗೆ 50-00-0. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೇರೆ ವಸ್ತುವೇ ಆಗಿಬಿಡಬಹುದು. ನಂಬರ್ ಇದ್ದರೆ ಆ ಗೊಂದಲ ಇಲ್ಲ.

ಆಮೇಲೆ ಸುರಕ್ಷತಾ ಮಾಹಿತಿ ಪತ್ರ, ಅಂದರೆ ಎಸ್‌ಡಿಎಸ್ ಕೇಳಿ. ವಿಶ್ವಸಂಸ್ಥೆಯ ಮಾದರಿ ಪಾಲಿಸುವ ಕಡೆಯೆಲ್ಲ ಇದರಲ್ಲಿ 16 ಭಾಗ ಇರುತ್ತವೆ. ಎಲ್ಲವನ್ನೂ ಓದುತ್ತಾ ಕೂರಬೇಡಿ. 2ನೇ ಭಾಗದಲ್ಲಿ ಅಪಾಯದ ವಿವರ, 3ರಲ್ಲಿ ಒಳಗೆ ಏನೇನಿದೆ ಎಂಬ ಪಟ್ಟಿ, 8ರಲ್ಲಿ ಕೆಲಸದ ಜಾಗದ ಮಿತಿ, 11ರಲ್ಲಿ ಮೈಗೆ ಏನು ಮಾಡುತ್ತದೆ ಎಂಬುದು. ಮೊದಲು ಈ ನಾಲ್ಕು ಸಾಕು. ಡಬ್ಬದ ಮೇಲೆ ತಲೆಬುರುಡೆ ಇದ್ದರೆ ತಕ್ಷಣ ಕೊಲ್ಲಬಲ್ಲ ವಿಷ. ಎದೆಯ ಮೇಲೆ ನಕ್ಷತ್ರದಂತೆ ಬಿರಿದ ಮನುಷ್ಯನ ಚಿತ್ರ ಇದ್ದರೆ ಕ್ಯಾನ್ಸರ್, ಅಂಗಾಂಗದ ಹಾನಿಯಂಥ ನಿಧಾನದ ತೊಂದರೆಗಳ ಸೂಚನೆ. ಬುರುಡೆಗೆ ಎಲ್ಲರೂ ಹೆದರುತ್ತಾರೆ. ನನ್ನ ಪ್ರಕಾರ ಎರಡನೆಯ ಚಿತ್ರಕ್ಕೇ ಜಾಸ್ತಿ ಗಮನ ಕೊಡಬೇಕು, ಯಾಕೆಂದರೆ ಅದರ ಹಾನಿ ಕಣ್ಣಿಗೆ ಬೀಳುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ.

ಹಂತ 2: ದಾರಿಯ ನಕ್ಷೆ ಬರೆಯಿರಿ

ಇದೇ ಈ ಕೆಲಸದ ಜೀವಾಳ. ಒಂದು ಹಾಳೆಯ ಎಡಕ್ಕೆ ರಾಸಾಯನಿಕ ಹೊರಡುವ ಜಾಗ ಬರೆಯಿರಿ. ಚಿಮಣಿ, ಡ್ರಮ್ ತೊಳೆಯುವ ಜಾಗ, ತ್ಯಾಜ್ಯದ ಹೊಂಡ, ಹಳೆಯ ಭೂಗತ ಟ್ಯಾಂಕ್, ಏನಿದೆಯೋ ಅದೆಲ್ಲ. ಬಲಕ್ಕೆ ಜನರ ಹೆಸರಿರಲಿ: ಕೂಸುಗಳು, ಬಸುರಿಯರು, ಶಾಲೆಯ ಮಕ್ಕಳು, ಕಾರ್ಮಿಕರು, ಮುದುಕರು. ನಡುವೆ ಗೆರೆ ಎಳೆಯುತ್ತಾ ಹೋಗಿ. ಗಾಳಿ, ನೀರು, ಮಣ್ಣು, ಆಹಾರ, ಚರ್ಮ. ಗೆರೆ ಪೂರ್ತಿಯಾಗಿ ಸೇರಿದ ಕಡೆ ಅಪಾಯ ಇದೆ. ಎಲ್ಲಾದರೂ ತುಂಡಾಗಿದ್ದರೆ ಸದ್ಯಕ್ಕೆ ಇಲ್ಲ.

ನೇರ ದಾರಿಗಳನ್ನು ಯಾರು ಬೇಕಾದರೂ ಬರೆಯುತ್ತಾರೆ. ಸುತ್ತು ದಾರಿಗಳೇ ತಪ್ಪಿಹೋಗುವುದು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಕೊಳಚೆ ನೀರನ್ನು ಯಾರೂ ಕುಡಿದಿರಲಿಲ್ಲ. ಚಿಸ್ಸೊ ಕಂಪನಿ ಸಮುದ್ರಕ್ಕೆ ಬಿಟ್ಟ ಮೀಥೈಲ್ ಪಾದರಸ ಮೀನು, ಚಿಪ್ಪುಜೀವಿಗಳ ಮೈಯಲ್ಲಿ ಸೇರಿ ಸೇರಿ ಗಟ್ಟಿಯಾಯಿತು. ಅದನ್ನು ತಿಂದ ಬೆಕ್ಕುಗಳು ಹುಚ್ಚೆದ್ದು ಸತ್ತವು. ಆಮೇಲೆ ಮನುಷ್ಯರ ಸರದಿ. 1956ರ ಮೇ ತಿಂಗಳಲ್ಲಿ ಕಾಯಿಲೆ ಅಧಿಕೃತವಾಗಿ ದಾಖಲಾಯಿತು, ಆದರೆ ಪಾದರಸ ಬಿಡುವುದು ನಿಂತದ್ದು 1968ರಲ್ಲಿ. ತಾಯಿಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲದಿದ್ದರೂ ಮಗು ಮೆದುಳಿನ ಹಾನಿಯೊಂದಿಗೆ ಹುಟ್ಟಿದ ಉದಾಹರಣೆಗಳಿವೆ. ಆ ಹನ್ನೆರಡು ವರ್ಷಗಳನ್ನು ನೆನೆದರೆ ಸಂಕಟವಾಗುತ್ತದೆ. ದಾರಿ ಗೊತ್ತಾದ ಮೇಲೂ ಮುಚ್ಚದೆ ಕೂತರು ಅಲ್ವಾ.

ಇನ್ನೂ ಮೂರು ಸುತ್ತು ದಾರಿಗಳನ್ನು ನಕ್ಷೆಯಲ್ಲಿ ಮರೆಯಬೇಡಿ. ಬ್ಯಾಟರಿ ಕೆಲಸದವರ ಬಟ್ಟೆ, ಚಪ್ಪಲಿಯಲ್ಲಿ ಸೀಸದ ಧೂಳು ಮನೆಗೆ ಬರುತ್ತದೆ. ನೆಲದಲ್ಲಿ ಅಂಬೆಗಾಲಿಡುವ ಮಗು ಅದನ್ನು ಕೈಯಿಂದ ಬಾಯಿಗೆ ಹಾಕುತ್ತದೆ. ಅಂತರ್ಜಲಕ್ಕೆ ಸೇರಿದ ಸಾಲ್ವೆಂಟ್ (ಜಿಡ್ಡು, ಬಣ್ಣ ಕರಗಿಸುವ ದ್ರವ) ಬಿಸಿನೀರಿನ ಸ್ನಾನದಲ್ಲಿ ಆವಿಯಾಗಿ ಉಸಿರಿಗೆ ಸೇರುತ್ತದೆ, ಅಂದರೆ ಕುಡಿಯುವ ನೀರು ಬದಲಾಯಿಸಿದರೆ ಸಾಲದು. ಅದೇ ಆವಿ ಮಣ್ಣಿನೊಳಗಿಂದ ಮೇಲೆದ್ದು ನೆಲದ ಬಿರುಕುಗಳಲ್ಲಿ ಮನೆಯೊಳಕ್ಕೆ ನುಗ್ಗುವುದೂ ಉಂಟು.

ಮೂಗನ್ನು ಪೂರ್ತಿ ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಆದರೆ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ದಾಟಿದರೆ ಮೂಗೇ ಜಡವಾಗುತ್ತದೆ. ವಾಸನೆ ಹೋಯಿತು ಎಂದು ನಿಟ್ಟುಸಿರು ಬಿಡುವ ಹೊತ್ತಿಗೇ ಅಪಾಯ ಏರಿರುತ್ತದೆ.

ಹಂತ 3: ಅಳೆಯಿರಿ, ಆದರೆ ಸರಿಯಾಗಿ

ಲ್ಯಾಬಿಗೆ ಹೋಗುವ ಮುಂಚೆ ಒಂದು ದಿನಚರಿ ಶುರುಮಾಡಿ. ತಾರೀಕು, ಗಂಟೆ, ಗಾಳಿ ಬೀಸಿದ ದಿಕ್ಕು, ವಾಸನೆ, ಯಾರಿಗೆ ಏನು ತೊಂದರೆ. ಸ್ಯಾಂಪಲ್ ಯಾವಾಗ, ಎಲ್ಲಿ ತೆಗೆಯಬೇಕು ಅಂತ ಅದೇ ಹೇಳುತ್ತದೆ. ರಾತ್ರಿ ಪಾಳಿಯಲ್ಲಿ ಬಿಡುವ ಹೊಗೆಯನ್ನು ಮಧ್ಯಾಹ್ನ ಅಳೆದರೆ ಏನು ಸಿಗುತ್ತದೆ?

ನೀರಿನಲ್ಲಿ ಸೀಸ, ಆರ್ಸೆನಿಕ್‌ನಂಥವು ಇವೆಯಾ ಎಂದು ನೋಡಲು ಲ್ಯಾಬಿನವರೇ ಕೊಡುವ, ಆಮ್ಲ ಹಾಕಿದ ಬಾಟಲಿ ಬೇಕು. ಬೆಂಜೀನ್, ಟಾಲ್ವೀನ್‌ನಂಥ ಆವಿಯಾಗುವ ವಸ್ತುಗಳಿಗೆ ಗಾಜಿನ ಶೀಶೆ. ಒಂದು ಗುಳ್ಳೆಯೂ ಇರದಂತೆ ಅಂಚಿನ ತನಕ ತುಂಬಿ, ತಂಪಾಗಿ ಇಟ್ಟು ಸಾಗಿಸಬೇಕು. ಹಳೆಯ ನೀರಿನ ಬಾಟಲಿಯಲ್ಲಿ ಹಿಡಿದುಕೊಂಡು ಹೋದರೆ ಹುಡುಕುತ್ತಿರುವ ವಸ್ತುವೇ ದಾರಿಯಲ್ಲಿ ಹಾರಿಹೋಗಿರುತ್ತದೆ. ಜೊತೆಗೆ ಕಾರ್ಖಾನೆಯನ್ನು ಮುಟ್ಟುವ ಮುಂಚಿನ, ಹರಿವಿನ ಮೇಲ್ಗಡೆಯ ನೀರಿನದೂ ಒಂದು ಸ್ಯಾಂಪಲ್ ಇರಲಿ. ಅದಿಲ್ಲದಿದ್ದರೆ 'ಇದು ಮೊದಲಿನಿಂದಲೂ ಇದ್ದದ್ದು' ಎಂಬ ವಾದಕ್ಕೆ ನಿಮ್ಮ ಹತ್ತಿರ ಉತ್ತರ ಇರಲ್ಲ.

ರಿಪೋರ್ಟ್ ಬಂದಾಗ 'ಪತ್ತೆಯಾಗಿಲ್ಲ' ಎಂದಿದ್ದರೆ ಖುಷಿಪಡುವ ಮೊದಲು ಒಂದು ಪ್ರಶ್ನೆ ಕೇಳಿ: ನಿಮ್ಮ ಯಂತ್ರ ಎಷ್ಟಕ್ಕಿಂತ ಕಡಿಮೆ ಇದ್ದರೆ ಹಿಡಿಯಲಾರದು? ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10 ಮೈಕ್ರೋಗ್ರಾಂ. ಯಂತ್ರ 50ಕ್ಕಿಂತ ಕೆಳಗೆ ನೋಡಲಾರದು ಅಂದರೆ ಆ ರಿಪೋರ್ಟಿಗೆ ಬೆಲೆಯೇ ಇಲ್ಲ. ಮಿಲಿಗ್ರಾಂ, ಮೈಕ್ರೋಗ್ರಾಂ ನಡುವೆ ಸಾವಿರ ಪಟ್ಟು ವ್ಯತ್ಯಾಸ. ಅದನ್ನೂ ಗಮನಿಸಿ.

ಹಂತ 4: ಮಗುವಿನ ಲೆಕ್ಕ ಮೊದಲು ಹಾಕಿ

ಸೂತ್ರ ಸುಲಭ. ಒಂದು ಲೀಟರ್ ನೀರಿನಲ್ಲಿ ಎಷ್ಟಿದೆಯೋ ಅದನ್ನು ದಿನಕ್ಕೆ ಕುಡಿಯುವ ಲೀಟರಿನಿಂದ ಗುಣಿಸಿ, ಮೈತೂಕದಿಂದ ಭಾಗಿಸಿ. ಒಂದು ಬಾವಿಯಲ್ಲಿ ಲೀಟರಿಗೆ 300 ಮೈಕ್ರೋಗ್ರಾಂ ಟಾಲ್ವೀನ್ ಸಿಕ್ಕಿತು ಎಂದಿಟ್ಟುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಅಂದಾಜಿನಂತೆ 60 ಕಿಲೋ ತೂಕದ ದೊಡ್ಡವರು ದಿನಕ್ಕೆ 2 ಲೀಟರ್ ಕುಡಿಯುತ್ತಾರೆ. ಅವರಿಗೆ ಸೇರುವುದು ಕಿಲೋಗೆ 10 ಮೈಕ್ರೋಗ್ರಾಂ. 10 ಕಿಲೋದ ಮಗು 1 ಲೀಟರ್ ಕುಡಿದರೆ ಅದು 30 ಆಗುತ್ತದೆ. ಈ ನೀರಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ 5 ಕಿಲೋದ ಕೂಸು ಮುಕ್ಕಾಲು ಲೀಟರ್ ಕುಡಿಯುತ್ತದೆ, ಅದರ ಪಾಲಿಗೆ 45. ಅದೇ ಬಾವಿ, ಅದೇ ನೀರು, ಕೂಸಿನ ಮೈಗೆ ನಾಲ್ಕೂವರೆ ಪಟ್ಟು.

ಇದು ಜಾಸ್ತಿಯಾ? ಟಾಲ್ವೀನ್‌ಗೆ ದಿನಕ್ಕೆ ಸಹಿಸಬಹುದಾದ ಪ್ರಮಾಣ ಕಿಲೋಗೆ 223 ಮೈಕ್ರೋಗ್ರಾಂ. ಈ ಸಂಖ್ಯೆ ಬಂದದ್ದು ಹೀಗೆ. ಪ್ರಾಣಿಗಳಲ್ಲಿ ತೊಂದರೆ ಕಂಡ ಅತಿ ಕಡಿಮೆ ಪ್ರಮಾಣವನ್ನು ಸಾವಿರದಿಂದ ಭಾಗಿಸಿದ್ದಾರೆ. ಪ್ರಾಣಿಗೂ ಮನುಷ್ಯನಿಗೂ ವ್ಯತ್ಯಾಸ ಇರುತ್ತದೆಂದು ಹತ್ತು, ಮನುಷ್ಯರಲ್ಲೇ ಒಬ್ಬರಿಗಿಂತ ಒಬ್ಬರು ಸೂಕ್ಷ್ಮ ಎಂದು ಇನ್ನೊಂದು ಹತ್ತು, ಅಧ್ಯಯನ ಕಡಿಮೆ ಅವಧಿಯದು, ತೊಂದರೆಯೇ ಇಲ್ಲದ ಪ್ರಮಾಣವೂ ಸಿಗಲಿಲ್ಲವೆಂದು ಮತ್ತೊಂದು ಹತ್ತು. ಟಾಲ್ವೀನ್ ಗಾಳಿಯಿಂದಲೂ ಬರುವುದರಿಂದ ನೀರಿಗೆ ಅದರ ಶೇಕಡ 10 ಪಾಲು ಮಾತ್ರ ಕೊಟ್ಟಿದ್ದಾರೆ, ಅಂದರೆ ಸುಮಾರು 22. ದೊಡ್ಡವರು ಅದರೊಳಗಿದ್ದಾರೆ. ಮಗುವೂ ಕೂಸೂ ನೀರಿನ ಪಾಲನ್ನು ದಾಟಿದ್ದಾರೆ, ಒಟ್ಟು 223ನ್ನು ದಾಟಿಲ್ಲ.

ನೀರಿನ ಮಾರ್ಗಸೂಚಿ ಲೀಟರಿಗೆ 700 ಮೈಕ್ರೋಗ್ರಾಂ. ಅದನ್ನಷ್ಟೇ ನೋಡಿದವರು '300 ತಾನೇ, ಓಕೆ' ಎನ್ನುತ್ತಾರೆ. ಆ 700 ದೊಡ್ಡವರ ತೂಕಕ್ಕೆ ಹಾಕಿದ ಲೆಕ್ಕ. ನಾನಾದರೆ ಗಾಬರಿಪಡಲ್ಲ, ಆದರೆ ಕೂಸಿನ ಹಾಲಿಗೆ ಆ ನೀರು ಬಳಸುವುದನ್ನು ಅವತ್ತೇ ನಿಲ್ಲಿಸಿ, ಮನೆಯ ಗಾಳಿಯನ್ನೂ ಪರೀಕ್ಷೆ ಮಾಡಿಸುತ್ತೇನೆ. ಇಷ್ಟು ಟಾಲ್ವೀನ್ ಇದ್ದರೆ ನೀರಿಗೆ ವಾಸನೆಯೂ ಬಂದಿರುತ್ತದೆ. ಬಾವಿಗೆ ಎಲ್ಲಿಂದಲೋ ಸೋರುತ್ತಿದೆ ಎಂಬುದಂತೂ ಖಚಿತ.

ಎಲ್ಲದಕ್ಕೂ ಇಂಥ ಸುರಕ್ಷಿತ ಗೆರೆ ಇರುವುದಿಲ್ಲ. ಸೀಸಕ್ಕೆ, ಬೆಂಜೀನ್‌ಗೆ ಇಷ್ಟಿದ್ದರೆ ಅಪಾಯವೇ ಇಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ. ಅಲ್ಲಿ ಪ್ರಶ್ನೆ ಒಂದೇ, ಇನ್ನೂ ಎಷ್ಟು ಇಳಿಸಬಹುದು?

ಹಂತ 5: ಯಾರ ಮಿತಿ ಎಂದು ಕೇಳಿ

'ಮಿತಿಯೊಳಗಿದೆ' ಎಂದು ಯಾರಾದರೂ ಹೇಳಿದರೆ ಯಾವ ಮಿತಿ ಎಂದು ಕೇಳುವ ಹಕ್ಕು ನಿಮಗಿದೆ. ಕೆಲಸದ ಜಾಗದ ಮಿತಿ ಆರೋಗ್ಯವಂತ ದೊಡ್ಡವರಿಗೆ, ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆಯ ಲೆಕ್ಕ. ಮನೆಯಲ್ಲಿ ಮಲಗಿದ ಕೂಸು ವಾರಕ್ಕೆ 168 ಗಂಟೆ ಅದೇ ಗಾಳಿ ಉಸಿರಾಡುತ್ತದೆ. ಅಮೆರಿಕದಲ್ಲಿ ಕಾರ್ಮಿಕರಿಗೆ ಬೆಂಜೀನ್ ಮಿತಿ 1 ಪಿಪಿಎಂ, ಅಂದರೆ ಘನ ಮೀಟರಿಗೆ ಸುಮಾರು 3,200 ಮೈಕ್ರೋಗ್ರಾಂ. ಯುರೋಪಿಯನ್ ಒಕ್ಕೂಟದಲ್ಲಿ ಹೊರಗಿನ ಗಾಳಿಗೆ 2010ರಿಂದ ಜಾರಿಯಾದ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ. ಆರುನೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಕಾರ್ಖಾನೆಯೊಳಗಿನ ಸಂಖ್ಯೆ ತೋರಿಸಿ ಊರಿನವರನ್ನು ಸಮಾಧಾನ ಮಾಡುವುದು ಅನ್ಯಾಯ.

ಹಂತ 6: ಮೂಲದಲ್ಲೇ ತಡೆಯಿರಿ

ತಡೆಯುವುದಕ್ಕೂ ಒಂದು ಕ್ರಮ ಇದೆ. ಬೇಡದಿದ್ದರೆ ಬಿಟ್ಟುಬಿಡಿ. ಆಗದಿದ್ದರೆ ಕಡಿಮೆ ಅಪಾಯದ್ದನ್ನು ಬಳಸಿ. ಅದೂ ಆಗದಿದ್ದರೆ ಮುಚ್ಚಿದ ಯಂತ್ರ, ಆವಿ ಹೀರುವ ವ್ಯವಸ್ಥೆ. ಆಮೇಲೆ ಕೆಲಸದ ಪದ್ಧತಿ, ಪಾಳಿ, ತರಬೇತಿ. ಮಾಸ್ಕ್, ಗ್ಲೌಸ್ ಕೊನೆಗೆ. ಹಲವು ಕಡೆ ಇದು ತಲೆಕೆಳಗಾಗಿ, ಮಾಸ್ಕ್ ಹಂಚುವುದರಿಂದಲೇ ಶುರುವಾಗಿ ಅಲ್ಲಿಗೇ ನಿಲ್ಲುತ್ತದೆ. ಧೂಳಿನ ಮಾಸ್ಕ್ ಸಾಲ್ವೆಂಟ್ ಆವಿಯನ್ನು ತಡೆಯುವುದೇ ಇಲ್ಲ.

ಬಿಟ್ಟುಬಿಡುವುದು ಸಾಧ್ಯವೇ ಎಂದು ಕೇಳುವವರು ಸೀಸದ ಪೆಟ್ರೋಲ್ ನೆನೆಯಬಹುದು. 2021ರಲ್ಲಿ ಜಗತ್ತಿನ ಕೊನೆಯ ಬಂಕ್‌ನಲ್ಲೂ ವಾಹನಗಳಿಗೆ ಅದನ್ನು ಹಾಕುವುದು ನಿಂತಿತು. ಬದಲಿ ವಸ್ತು ಹುಡುಕುವಾಗ ಮಾತ್ರ ಹುಷಾರು. ಕ್ಯಾಲಿಫೋರ್ನಿಯಾದಲ್ಲಿ ಬ್ರೇಕ್ ತೊಳೆಯುವ ದ್ರವದಲ್ಲಿ ಕ್ಲೋರಿನ್ ಇರುವ ಸಾಲ್ವೆಂಟ್ ಬದಲು ಹೆಕ್ಸೇನ್ ಬಂತು. ಮೆಕ್ಯಾನಿಕ್‌ಗಳ ಕೈಕಾಲಿನ ನರಗಳು ಹಾಳಾದವು. ಹೊಸದರ ಎಸ್‌ಡಿಎಸ್ ಅನ್ನೂ ಮೊದಲನೇ ಹಂತದಿಂದಲೇ ನೋಡಬೇಕು.

ಮನೆಯ ಮಟ್ಟದಲ್ಲಿ ಮಾಡುವುದು ತಾತ್ಕಾಲಿಕ ಕೆಲಸ, ಆದರೂ ಬೇಕು. ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಬದಲಿಸಿ, ಬೇರೆಯಾಗಿ ಒಗೆಯಿರಿ. ಒಣ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಸೀಸ, ಆರ್ಸೆನಿಕ್ ಇರುವ ನೀರನ್ನು ಕುದಿಸಬೇಡಿ. ನೀರು ಆವಿಯಾಗುತ್ತದೆ, ವಿಷ ಉಳಿದು ಗಟ್ಟಿಯಾಗುತ್ತದೆ. ಮಕ್ಕಳಿಗೆ ಸೀಸದ ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಬೆಂಜೀನ್‌ನಂಥವು ಮೈಯಿಂದ ಬೇಗ ಹೊರಹೋಗುತ್ತವೆ, ವಾರ ಬಿಟ್ಟು ಮಾಡಿಸಿದ ಪರೀಕ್ಷೆ ಏನೂ ಹೇಳಲ್ಲ. ವೈದ್ಯರ ಬಳಿ ಹೋಗುವಾಗ ಎಸ್‌ಡಿಎಸ್ ಜೊತೆಗಿರಲಿ. ಮೈಯ ವಿಷ ತೆಗೆಯುತ್ತೇವೆ ಎಂದು ಮಾರುವ ಪುಡಿಗಳಿಗೆ ದುಡ್ಡು ಸುರಿಯಬೇಡಿ.

ಹಂತ 7: ಸೋರಿಕೆಯ ರಾತ್ರಿಗೆ ಇವತ್ತೇ ತಯಾರಿ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಘಟಕದಿಂದ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಸೋರಿತು. ಅದು ಕೊನೆಯ ಉತ್ಪನ್ನವಲ್ಲ, ನಡುವಿನ ಹಂತದ ವಸ್ತು. ಅಷ್ಟೊಂದನ್ನು ಟ್ಯಾಂಕಿನಲ್ಲಿ ಕೂಡಿಟ್ಟಿದ್ದರು, ಅದನ್ನು ತಂಪಾಗಿಡುವ ವ್ಯವಸ್ಥೆ ಬಂದ್ ಆಗಿತ್ತು. ಏನು ಸೋರಬಹುದು, ಸೋರಿದರೆ ಏನು ಮಾಡಬೇಕು ಎಂದು ಸುತ್ತಲಿನ ಜನರಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಸಾವಿರಾರು ಜನ ಸತ್ತರು. ಇಟಲಿಯ ಸೆವೆಸೊದಲ್ಲಿ 1976ರಲ್ಲಿ ಕಾರ್ಖಾನೆಯಿಂದ ಡಯಾಕ್ಸಿನ್ ಎಂಬ ವಿಷ ಹರಡಿದ ಮೇಲೆ ಯುರೋಪ್ 1982ರಲ್ಲಿ ನಿಯಮ ತಂದಿತ್ತು. ಸುತ್ತಲಿನವರಿಗೆ ಮಾಹಿತಿ ಕೊಡಬೇಕೆಂಬುದೂ ಅದರಲ್ಲಿತ್ತು.

ಆದ್ದರಿಂದ ಕಾರ್ಖಾನೆಯವರನ್ನು ಕೇಳಿ: ಒಂದೇ ಸಲಕ್ಕೆ ಎಷ್ಟು ಸಂಗ್ರಹಿಸುತ್ತೀರಿ, ಕಡಿಮೆ ಮಾಡಲು ಆಗುತ್ತದಾ, ಸೈರನ್ ಯಾವ ಥರ ಕೂಗುತ್ತದೆ, ಮನೆಯೊಳಗೆ ಬಾಗಿಲು ಮುಚ್ಚಿ ಇರಬೇಕಾ ಅಥವಾ ಹೊರಡಬೇಕಾ? ಉತ್ತರ ಅನಿಲದ ಮೇಲೆ ನಿಂತಿದೆ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ, ಎತ್ತರಕ್ಕೆ ಹೋಗಬೇಕು. ಹೊರಡುವುದಾದರೆ ಗಾಳಿ ಹೋಗುವ ದಿಕ್ಕಿಗೆ ಓಡಬೇಡಿ, ಅದಕ್ಕೆ ಅಡ್ಡಲಾಗಿ ಹೋಗಿ. ಅಣಕು ಅಭ್ಯಾಸವನ್ನು ರಾತ್ರಿ ಹೊತ್ತೂ ಮಾಡಿಸಿ.

ಕಾರ್ಖಾನೆಯವರು ಸರಿಪಡಿಸಿದ್ದೇವೆ ಎಂದಾಗ ಅದೇ ಜಾಗದಲ್ಲಿ, ಅದೇ ಥರದ ಬಾಟಲಿಯಲ್ಲಿ, ಅದೇ ಪಾಳಿಯ ಹೊತ್ತಿಗೆ ಮತ್ತೆ ಸ್ಯಾಂಪಲ್ ತೆಗೆಸಿ. ಹಳೆಯ ರಿಪೋರ್ಟ್ ಪಕ್ಕ ಹೊಸದನ್ನಿಟ್ಟು ಕೂಸಿನ ಲೆಕ್ಕವನ್ನೇ ಮೊದಲು ಹಾಕಿ. ಇಳಿದಿಲ್ಲವಾದರೆ ನಕ್ಷೆಯಲ್ಲಿ ಒಂದು ದಾರಿ ಬಿಟ್ಟುಹೋಗಿದೆ ಎಂದರ್ಥ. ಎರಡನೇ ಹಂತಕ್ಕೆ ವಾಪಸ್ ಹೋಗಿ.