ಎರೆ ನೆಲದ ಅಂಗಳಕ್ಕೆ ಮಣ್ಣು ಕೊಂಡ ನನ್ನ ಅನುಭವ

ಕಲಬುರಗಿಯಲ್ಲಿ ಮನೆ ಕಟ್ಟಿ ಮುಗಿದು ಅಂಗಳಕ್ಕೆ ಮಣ್ಣು ಹಾಕಿಸುವ ಮಾತು ಬಂದಾಗ ಬಹುತೇಕರು ಕೇಳುವುದು ಎರಡೇ ಪ್ರಶ್ನೆ: ಕೆಂಪು ಮಣ್ಣೋ ಕರಿ ಮಣ್ಣೋ, ಟ್ರಾಲಿಗೆ ಎಷ್ಟು? ಮನೆಯ ಮುಂದಿನ ಹುಲ್ಲುಹಾಸಿಗೂ ಹಿತ್ತಲಿನ ಕೈತೋಟಕ್ಕೂ ಮಣ್ಣು ಕೊಳ್ಳುವಾಗ ನಾನು ಈ ಎರಡು ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಂಡೆ. ಆ ಮಣ್ಣನ್ನು ನೆಲದ ಯಾವ ಆಳದಿಂದ ತೆಗೆದಿದ್ದಾರೆ, ನಮ್ಮಲ್ಲಿ ಈಗಾಗಲೇ ಇರುವ ಎಂಥ ನೆಲದ ಮೇಲೆ ಅದು ಬೀಳಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಬಣ್ಣವನ್ನು ನೋಡಿ ಇವೆರಡನ್ನೂ ತಿಳಿಯಲಾಗದು. ನಮ್ಮ ಭಾಗದಲ್ಲಂತೂ ಬಣ್ಣ ದಾರಿ ತಪ್ಪಿಸುತ್ತದೆ.

ಕಪ್ಪಗಿದ್ದರೆ ಫಲವತ್ತಾಗಿರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಎರೆ ಮಣ್ಣಿನ ಕಪ್ಪು ಬಣ್ಣಕ್ಕೆ ಅದರಲ್ಲಿರುವ ಖನಿಜಗಳೂ ಜೇಡಿಯೊಂದಿಗೆ ಬಿಗಿಯಾಗಿ ಬೆಸೆದುಕೊಂಡ ಅಲ್ಪ ಪ್ರಮಾಣದ ಸಾವಯವ ಪದಾರ್ಥವೂ ಕಾರಣವಾಗಿದ್ದು, ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇರುವ ಮಣ್ಣೂ ಅಷ್ಟೇ ಕಪ್ಪಾಗಿ ಕಾಣುತ್ತದೆ. ಬೇರೆ ಕಡೆಗಳಲ್ಲಿ ಮೇಲ್ಮಣ್ಣು ಗಾಢವಾಗಿ, ಅಡಿಮಣ್ಣು ತಿಳಿಯಾಗಿ ಇರುವುದರಿಂದ ಕಣ್ಣಿಗೇ ವ್ಯತ್ಯಾಸ ಸಿಗುತ್ತದೆ. ಆಳವಾದ ಎರೆ ನೆಲದಲ್ಲಿ ಮೂರು ನಾಲ್ಕು ಅಡಿಯವರೆಗೂ ಹೆಚ್ಚು ಕಡಿಮೆ ಒಂದೇ ಬಣ್ಣ. ಹೀಗಾಗಿ ಹೊಸ ಬಡಾವಣೆಯಲ್ಲಿ ಪಾಯಾ ತೋಡಿದಾಗ ಬಂದ ಮಣ್ಣು ಹೊಲದ ಮೇಲ್ಮಣ್ಣಿನ ಹೆಸರಿನಲ್ಲಿ ಸಲೀಸಾಗಿ ಮಾರಾಟವಾಗುತ್ತದೆ.

ನಾನು ನೋಡಿದ ಮೊದಲ ರಾಶಿ ಅಂಥದ್ದೇ ಆಗಿತ್ತು. ಒಂದು ದೊಡ್ಡ ಹೆಂಟೆಯನ್ನು ಎತ್ತಿ ಒಡೆದಾಗ ಅದು ಪುಡಿಯಾಗಲಿಲ್ಲ. ಬದಲಿಗೆ ಓರೆಯಾಗಿ ಸೀಳಿ, ಎಣ್ಣೆ ಸವರಿದ ಹಾಗೆ ನುಣುಪಾಗಿ ಹೊಳೆಯುವ ಮೈ ಹೊರಬಂತು. ಎರೆ ಮಣ್ಣು ನೀರು ಕುಡಿದು ಉಬ್ಬುವಾಗ, ಒಣಗಿ ಕುಗ್ಗುವಾಗ ಆಳದಲ್ಲಿ ಒಂದು ಪದರ ಇನ್ನೊಂದರ ಮೇಲೆ ಜಾರಿ ಉಂಟಾಗುವ ಮೈ ಅದು. ಉಳುವ ಪದರದಲ್ಲಿ ಸಿಗುವಂಥದ್ದಲ್ಲ. ಅದರೊಳಗೆ ಕಡಲೆಕಾಳಿನ ಗಾತ್ರದ ಬಿಳಿ ಸುಣ್ಣದ ಹರಳುಗಳಿದ್ದವು, ಬೇರಿನ ಎಳೆ ಒಂದೂ ಇರಲಿಲ್ಲ. ಹೊಲದ ಮೇಲಿನ ಅರ್ಧ ಅಡಿಯ ಮಣ್ಣಾಗಿದ್ದರೆ ತೊಗರಿಯದೋ ಜೋಳದ್ದೋ ಬೇರಿನ ಚೂರುಗಳು ಇದ್ದೇ ಇರುತ್ತವೆ, ಬೆರಳಲ್ಲಿ ಒತ್ತಿದರೆ ಸಣ್ಣ ಕಾಳುಗಳಾಗಿ ಉದುರುತ್ತದೆ. ಹರಳಿನ ಮೇಲೆ ನಿಂಬೆರಸ ಹಿಂಡಿದಾಗ ಬುರುಗು ಎದ್ದಿತು. ಹರಳಿನಲ್ಲಿ ಸುಣ್ಣವಿರುವುದು ಸಹಜ. ಆದರೆ ಬರೀ ಮಣ್ಣಿನ ಮೇಲೂ ಬುರುಗು ಏಳುವುದಾದರೆ ಅದರಲ್ಲಿ ಗುಲಾಬಿ, ದಾಸವಾಳದಂಥ ಗಿಡಗಳಿಗೆ ಕಬ್ಬಿಣದ ಅಂಶ ಸಿಗದೆ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವ ಸಂಭವ ಹೆಚ್ಚು.

ನಮ್ಮ ಜಿಲ್ಲೆಯವರು ವಿಶೇಷವಾಗಿ ನೋಡಬೇಕಾದ ಇನ್ನೊಂದು ಸಂಗತಿ ಇದೆ. ಶಹಾಬಾದ್ ಕಲ್ಲು ಸುಣ್ಣಕಲ್ಲೇ ಆದ್ದರಿಂದ ಪರ್ಸಿ (ನೆಲಕ್ಕೆ ಹಾಸುವ ಕಲ್ಲು) ಕೊಯ್ದಾಗ, ಪಾಲಿಶ್ ಮಾಡಿದಾಗ ಉಳಿಯುವ ಬೂದು ಬಣ್ಣದ ರಾಡಿ ಒಣಗಿದ ಮೇಲೆ ನುಣ್ಣನೆಯ ಮಣ್ಣಿನಂತೆಯೇ ಕಾಣುತ್ತದೆ. ಇದು ಮಣ್ಣಿನ ರಾಶಿಯಲ್ಲಿ ಬೆರೆತಿದ್ದರೆ ಸುಣ್ಣದ ಅಂಶ ಏರುವುದರ ಜೊತೆಗೆ, ನೀರು ಬಿದ್ದ ಮೇಲೆ ಗಿಲಾವಿನಂತೆ ಗಟ್ಟಿ ಪದರವೂ ಕಟ್ಟುತ್ತದೆ. ಆದ್ದರಿಂದ ರಾಶಿಯ ಹೊರಮೈಯನ್ನಷ್ಟೇ ನೋಡದೆ, ಸಲಿಕೆಯಿಂದ ಒಳಗಿನವರೆಗೂ ಕೆದಕಿಸಿ, ಸಿಮೆಂಟಿನ ಹಳಕು, ಗಾಜು, ಬೂದು ಪುಡಿಯ ಗೆರೆ ಕಂಡ ರಾಶಿಯನ್ನು ಬೆಲೆ ಕೇಳದೆಯೇ ಬಿಟ್ಟುಬಿಡುವುದು ಒಳ್ಳೆಯದು.

ಮಣ್ಣು ಕೊಳ್ಳುವ ಮೊದಲು ನಮ್ಮ ಅಂಗಳದ ಮಣ್ಣನ್ನೇ ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆಗೆ ಕೊಟ್ಟಿದ್ದೆ. ಹಲವು ಕಡೆ ಅರ್ಧ ಅಡಿ ಆಳದ ಗುಣಿ ತೆಗೆದು, ಅದರ ಬದಿಯಿಂದ ಮೇಲಿಂದ ಕೆಳಗಿನವರೆಗೆ ಸಮನಾಗಿ ಕೆರೆದ ಮಣ್ಣನ್ನು ಒಟ್ಟು ಸೇರಿಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕಿಲೋದಷ್ಟು ಉಳಿಸಿಕೊಂಡು, ನೆರಳಲ್ಲಿ ಒಣಗಿಸಿ ಒಯ್ದೆ. ರಸಸಾರ (pH) ಎಂಟರ ಮೇಲಿತ್ತು, ಅಂದರೆ ಮಣ್ಣು ಕ್ಷಾರೀಯ, ಸಾವಯವ ಇಂಗಾಲ ಕಡಿಮೆ ಇತ್ತು, ಲವಣಾಂಶ ಮಾತ್ರ ಮೀಟರಿಗೆ ಒಂದು ಡೆಸಿಸೀಮನ್ಸ್‌ಗಿಂತ ಕೆಳಗಿದ್ದು ಚಿಂತೆಗೆ ಕಾರಣವಿರಲಿಲ್ಲ. ಸವಳು ಮಣ್ಣಾಗಿದ್ದರೆ ಮೇಲೆ ಎಷ್ಟೇ ಒಳ್ಳೆಯ ಮಣ್ಣು ಸುರಿದರೂ ಪ್ರಯೋಜನ ಕಡಿಮೆ, ಮೊದಲು ಬಸಿಗಾಲುವೆಯ ಏರ್ಪಾಡು ಆಗಬೇಕಾಗುತ್ತಿತ್ತು.

ಈ ವರದಿಯ ಮೇಲೆಯೇ ನಾನು ಕೆಂಪು ಮಣ್ಣನ್ನು ಆರಿಸಿದೆ. ಬೀದರ್, ಹುಮನಾಬಾದ್ ಕಡೆಯ ಜಂಬಿಟ್ಟಿಗೆ ನೆಲದ ಮಣ್ಣು ಸಾಮಾನ್ಯವಾಗಿ ತುಸು ಆಮ್ಲೀಯ, ನೀರನ್ನು ಬೇಗ ಬಿಟ್ಟುಕೊಡುವಂಥದ್ದು. ನಮ್ಮ ಎರೆಯ ಕ್ಷಾರಕ್ಕೂ ಬೋರ್‌ವೆಲ್ಲಿನ ಗಡಸು ನೀರಿಗೂ ಅದು ಒಗ್ಗುತ್ತದೆ. ಯಾದಗಿರಿಯ ಕಡೆ ಸಿಗುವ ಮಸಾರಿ ಮಣ್ಣಿನಲ್ಲಿ ಮರಳಿನ ಅಂಶ ಹೆಚ್ಚಿದ್ದು ಹುಲ್ಲುಹಾಸಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಇವೆರಡೂ ಪೋಷಕಾಂಶದಲ್ಲಿ ಬಡವಾದವು, ಅದರಲ್ಲೂ ಜಂಬಿಟ್ಟಿಗೆ ಮಣ್ಣು ರಂಜಕವನ್ನು ಹಿಡಿದಿಟ್ಟು ಗಿಡಕ್ಕೆ ಬಿಡುವುದಿಲ್ಲವಾದ್ದರಿಂದ ಗೊಬ್ಬರವಿಲ್ಲದ ಬರೀ ಕೆಂಪು ಮಣ್ಣನ್ನು ನಂಬಬಾರದು. ಕೆಂಪು ಮಣ್ಣಿನ ಹೆಸರಿನಲ್ಲಿ ಗರಸು ತಂದು ಸುರಿಯುವವರೂ ಇದ್ದಾರೆ. ಹಿಡಿಯಲ್ಲಿ ನೀರು ಹಾಕಿ ಉಂಡೆ ಕಟ್ಟಿದಾಗ ಉಂಡೆ ನಿಲ್ಲದೆ ಹರಳು ಹರಳಾಗಿ ಬಿಚ್ಚಿಕೊಂಡರೆ ಅದು ರಸ್ತೆಗೆ ಸಲ್ಲುವ ವಸ್ತು, ತೋಟಕ್ಕಲ್ಲ.

ಟ್ರ್ಯಾಕ್ಟರಿನವರೊಂದಿಗೆ ಮಾತು ಆರಂಭಿಸುವಾಗ ನಾನು ಬೆಲೆಯನ್ನು ಎತ್ತಲಿಲ್ಲ. “ಅಣ್ಣಾ, ಇದು ಹೊಲದ ಮ್ಯಾಗಿನ ಮಣ್ಣೋ, ಪಾಯಾ ತೋಡಿದ್ದೋ?” ಎಂದು ಕೇಳಿದೆ. “ನಂಬರ್ ಒನ್ ಮಣ್ಣದರೀ ಸಾಹೇಬ್ರ” ಎಂಬ ಉತ್ತರ ಕೊಟ್ಟವರಿಗಿಂತ, “ಗುಡ್ಡದ ಬಾಜೂಕ ಹೊಲ ಸಾಪ್ ಮಾಡ್ಲಿಕತ್ತಾರ, ಬಂದು ನೋಡ್ರಿ” ಎಂದವರ ಮಾತಿಗೆ ಬೆಲೆ ಕೊಟ್ಟು, ಹೋಗಿ ನೋಡಿದೆ. ಅಲ್ಲಿ ಮನೆ ಕಟ್ಟಲು ನೆಲ ಸಮ ಮಾಡುತ್ತಿದ್ದರು. ಮೇಲಿನ ಮಣ್ಣು ಹೇಗೂ ಎತ್ತಬೇಕಾದದ್ದೇ. ಉಳುಮೆ ನಡೆಯುತ್ತಿರುವ ಹೊಲದ ಮೇಲ್ಪದರವನ್ನು ಕೆರೆದು ಮಾರುವವರಿಂದ ಮಾತ್ರ ಕೊಳ್ಳಕೂಡದೆಂದು ನಾನು ನಿಶ್ಚಯಿಸಿದ್ದೆ. ಒಂದು ಅಂಗುಲ ಮೇಲ್ಮಣ್ಣು ಕಟ್ಟಿಕೊಳ್ಳಲು ಶತಮಾನಗಳೇ ಬೇಕು, ನಮ್ಮ ಹುಲ್ಲಿಗಾಗಿ ಒಬ್ಬ ರೈತನ ಬೆಳೆ ಬಡವಾಗಬಾರದು.

ಅಲ್ಲಿಂದ ಒಂದು ಚೀಲ ಮಣ್ಣನ್ನು ಮಾತ್ರ ಮೊದಲು ತಂದೆ. ಅದನ್ನು ಗಾಜಿನ ಬಾಟಲಿಯ ಮೂರನೇ ಒಂದು ಭಾಗದಷ್ಟು ಹಾಕಿ, ನೀರು ತುಂಬಿ, ಚಿಟಿಕೆ ಸಾಬೂನು ಪುಡಿ ಸೇರಿಸಿ ಚೆನ್ನಾಗಿ ಅಲುಗಾಡಿಸಿ ಕಟ್ಟೆಯ ಮೇಲಿಟ್ಟೆ. ಒಂದೆರಡು ನಿಮಿಷದೊಳಗೆ ಮರಳು ತಳ ಹಿಡಿಯಿತು, ಕೆಲವು ಗಂಟೆಗಳಲ್ಲಿ ಅದರ ಮೇಲೆ ಗೋಡು (ಮರಳಿಗಿಂತ ನುಣ್ಣನೆಯ, ಜೇಡಿಗಿಂತ ದಪ್ಪ ಕಣದ ಮಣ್ಣು) ಕೂತಿತು, ಜೇಡಿ ಕೂತು ನೀರು ತಿಳಿಯಾಗಲು ಮಾರನೆಯ ದಿನವೇ ಆಯಿತು. ಪಟ್ಟಿ ಹಿಡಿದು ಅಳೆದಾಗ ಮರಳು ಅರ್ಧಕ್ಕಿಂತ ತುಸು ಹೆಚ್ಚು, ಜೇಡಿ ಐದನೇ ಒಂದು ಭಾಗದಷ್ಟು ಇತ್ತು. ಹುಲ್ಲಿಗೆ ಇದಕ್ಕಿಂತ ಒಳ್ಳೆಯ ಅಳತೆ ಬೇಕಿಲ್ಲ. ಉಳಿದ ಮಣ್ಣನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಅರ್ಧಕ್ಕೆ ಹೆಸರುಕಾಳು ಊರಿ, ಇನ್ನರ್ಧವನ್ನು ಬರಿದೆ ಬಿಟ್ಟು ದಿನವೂ ನೀರು ಚಿಮುಕಿಸಿದೆ. ಹೆಸರು ನೆಟ್ಟಗೆ ಮೊಳೆತದ್ದರಿಂದ ಕಳೆನಾಶಕದ ಶೇಷವಿಲ್ಲವೆಂಬ ಭರವಸೆ ಬಂತು. ಬರಿಯ ಭಾಗದಲ್ಲಿ ಜೇಕು ಎಂಬ ಗಡ್ಡೆಯ ಕಳೆ ಏಳುತ್ತದೆಯೇ ಎಂಬುದೇ ನನ್ನ ಮುಖ್ಯ ಆತಂಕವಾಗಿತ್ತು. ಕಾಂಗ್ರೆಸ್ ಕಸವಾದರೆ ಕಿತ್ತರೆ ಹೋಗುತ್ತದೆ. ಜೇಕಿನ ಗಡ್ಡೆ ಒಮ್ಮೆ ಹುಲ್ಲುಹಾಸಿನೊಳಗೆ ಸೇರಿದರೆ ವರ್ಷಗಟ್ಟಲೆ ಬಿಡುವುದಿಲ್ಲ.

ಲೆಕ್ಕ ಸರಳ. ನಮ್ಮ ಮುಂಭಾಗ 30 ಅಡಿ ಉದ್ದ, 20 ಅಡಿ ಅಗಲ. ಅರ್ಧ ಅಡಿ ದಪ್ಪಕ್ಕೆ 300 ಘನ ಅಡಿ, ಅಂದರೆ ಮೂರು ಬ್ರಾಸ್. ಸಡಿಲ ಮಣ್ಣು ನೀರು ಬಿದ್ದ ಮೇಲೆ ಕುಸಿಯುವುದರಿಂದ ಮೂರೂವರೆ ಬ್ರಾಸ್ ಎಂದು ಹಿಡಿದೆ. ಟ್ರಾಲಿಯ ಲೆಕ್ಕದಲ್ಲಿ ಮಾತ್ರ ಎಂದೂ ಕೊಳ್ಳಬೇಡಿ, ಏಕೆಂದರೆ ಟ್ರಾಲಿಗಳ ಅಳತೆ ಒಂದರಂತೆ ಒಂದಿರುವುದಿಲ್ಲ. ಟೇಪು ಹಿಡಿದು ಒಳಗಿನ ಉದ್ದ, ಅಗಲ, ಎತ್ತರ ಅಳೆದು, ಮಟ್ಟಸವಾಗಿ ತುಂಬಿದ್ದಕ್ಕೆ ಬ್ರಾಸಿನ ದರ ಮಾತಾಡಿಕೊಳ್ಳಬೇಕು. ರೋಹಿಣಿ ಮಳೆಗೂ ಮುಂಚೆ, ಮಣ್ಣು ಒಣಗಿರುವಾಗಲೇ ತರಿಸಿದೆ. ಹಸಿ ಮಣ್ಣನ್ನು ತುಳಿದು ಹರಡಿದರೆ ಅದು ಒಣಗಿ ಇಟ್ಟಿಗೆಯಾಗುತ್ತದೆ.

ಹರಡುವ ಕ್ರಮದಲ್ಲಿಯೇ ಹುಲ್ಲುಹಾಸಿನ ಭವಿಷ್ಯವಿದೆ. ಗಟ್ಟಿ ಎರೆಯ ಮೇಲೆ ಕೆಂಪು ಮಣ್ಣನ್ನು ನೇರವಾಗಿ ಹಾಸಿದರೆ ಎರಡರ ನಡುವಿನ ಗೆರೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಕೆಳಗಿನ ಎರೆ ಬಿರುಕು ಬಿಟ್ಟಾಗ ಮೇಲಿನ ಮಣ್ಣು ಆ ಸಂದಿಗಳೊಳಗೆ ಇಳಿಯುತ್ತದೆ. ಅದಕ್ಕಾಗಿ ಹಳೆಯ ನೆಲವನ್ನು ಅರ್ಧ ಅಡಿ ಅಗೆಸಿ, ಹೆಂಟೆ ಒಡೆಸಿ, ಮೊದಲ ಎರಡು ಅಂಗುಲ ಕೆಂಪು ಮಣ್ಣನ್ನೂ ಕಳಿತ ತಿಪ್ಪೆ ಗೊಬ್ಬರವನ್ನೂ ಅದರೊಳಗೆ ಕಲೆಸಿದ ಮೇಲೆಯೇ ಉಳಿದದ್ದನ್ನು ಗೊಬ್ಬರದೊಂದಿಗೆ ಹರಡಿಸಿದೆ. ಎರೆಗೆ ಸ್ವಲ್ಪ ಮರಳು ಬೆರೆಸಿದರೆ ಸಾಕೆಂಬ ಸಲಹೆ ಬಂದಿತ್ತು. ಅಷ್ಟು ಮರಳಿನಿಂದ ಜೇಡಿ ಸಡಿಲವಾಗುವುದಿಲ್ಲ, ಸಡಿಲಗೊಳಿಸುವುದು ಗೊಬ್ಬರವೇ. ಅದು ಮುಷ್ಟಿಯಲ್ಲಿ ತಣ್ಣಗಿರಬೇಕು, ಸಗಣಿಯ ವಾಸನೆ ಇರಬಾರದು. ಹಸಿ ಗೊಬ್ಬರವಿದ್ದಲ್ಲಿ ಗೆದ್ದಲೂ ಗೊಣ್ಣೆ ಹುಳುವೂ ಬರುತ್ತವೆ.

ಮನೆಯ ಕಡೆಯಿಂದ ಗೇಟಿನ ಕಡೆಗೆ ನೂರು ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ಇಳಿಜಾರು ಕೊಟ್ಟು, ಗೋಡೆಯ ಬಳಿ ಮಣ್ಣಿನ ಮಟ್ಟವನ್ನು ಮನೆಯ ನೆಲಮಟ್ಟಕ್ಕಿಂತ ಅರ್ಧ ಅಡಿ ಕೆಳಗೇ ನಿಲ್ಲಿಸಿದೆ. ಇಲ್ಲವಾದರೆ ತೇವ ಗೋಡೆಗೆ ಏರುತ್ತದೆ. ಆಮೇಲೆ ಕೂಡಲೇ ಹುಲ್ಲು ನೆಡಿಸದೆ, ಎರಡು ವಾರ ನೀರುಣಿಸಿ, ಮಣ್ಣು ಕುಸಿದ ಕಡೆ ತುಂಬಿಸಿ, ಎದ್ದ ಕಳೆಯನ್ನು ಗಡ್ಡೆ ಸಮೇತ ಕೀಳಿಸಿ, ಮೃಗಶಿರಾ ಮಳೆ ಹಿಡಿದ ಮೇಲೆ ಕರಿಕೆಯ (ಗರಿಕೆ ಹುಲ್ಲಿನ) ತುಂಡುಗಳನ್ನು ಊರಿಸಿದೆ. ಕೊಂಡ ಮಣ್ಣಿನಲ್ಲಿ ನಾಲ್ಕಾರು ಚೀಲವನ್ನು ಜರಡಿ ಹಿಡಿದು ತಾಡಪತ್ರಿಯ ಕೆಳಗೆ ಎತ್ತಿಟ್ಟಿದ್ದೇನೆ. ಮಳೆಗಾಲ ಮುಗಿದ ಮೇಲೆ ತಗ್ಗು ಬಿದ್ದ ಜಾಗಗಳಿಗೆ ಅದೇ ಮಣ್ಣನ್ನು ಅರ್ಧ ಅಂಗುಲ ಮೀರದಂತೆ ಉದುರಿಸಿದರೆ ಹುಲ್ಲು ಅದರೊಳಗಿಂದ ಎದ್ದು ಬರುತ್ತದೆ, ಬೇರೆ ಮಣ್ಣು ಹುಡುಕುವ ಅಗತ್ಯ ಬೀಳುವುದಿಲ್ಲ.